ಗುಂಪಿನಿಂದ ಒಬ್ಬರನ್ನ ತೆಗೆಯೋದನ್ನ ಹೇಗೆ ನಿರ್ಧರಿಸ್ತೀರಿ? (ಅವರು ಹೇಳೋದೆಲ್ಲ ಸರಿಯೇ ಇದ್ದಾಗ)

ಕೊನೆಗೊಂಚಲು · ಸೋಮವಾರ ರಾತ್ರಿ 9.50

ಶಿರಸಿ ಕಡೆಯ ಅಡಿಕೆ ಬೆಳೆಗಾರರ ವಾಟ್ಸಾಪ್ ಗುಂಪು ನಮ್ಮದು. 780 ಜನ ಇದಾರೆ, ಮೂವರು ಅಡ್ಮಿನ್. ಶುರು ಮಾಡಿದವ ಬೆಂಗಳೂರಿಗೆ ಹೋದ, ಹೋಗುವಾಗ ನನ್ನ ಕೊರಳಿಗೆ ಕಟ್ಟಿ ಹೋದ. ಗುಡ್ ಮಾರ್ನಿಂಗ್ ಹೂವು ಅಳಿಸೋದು, ಹಳೇ ಬೈಕ್ ಮಾರೋರಿಗೆ "ಇದು ಆ ಗುಂಪಲ್ಲ" ಅನ್ನೋದು, ಎಲೆಕ್ಷನ್ ಬಂದಾಗ ಎರಡು ವಾರ ನಿದ್ದೆಗೆಡೋದು. ಇಷ್ಟೇ ಕೆಲಸ ಅಂದ್ಕೊಂಡಿದ್ದೆ.

ಈಗ ಸಮಸ್ಯೆ ಒಬ್ಬರದು. ನಾವೆಲ್ಲ ಅವರನ್ನ ಭಾವ ಅಂತಲೇ ಕರೆಯೋದು. ಅರವತ್ತು ದಾಟಿದ್ದಾರೆ. ತೋಟದ ವಿಷಯದಲ್ಲಿ ಅವರಿಗೆ ಗೊತ್ತಿಲ್ಲದ್ದು ಇಲ್ಲ. ಎಲೆಚುಕ್ಕಿ ಬಂದ ಹೊಸದರಲ್ಲಿ ಫೋಟೋ ನೋಡಿಯೇ "ಇದು ಬಿಸಿಲಿಗೆ ಸುಟ್ಟದ್ದಲ್ಲ, ರೋಗ" ಅಂತ ಹೇಳಿದ್ದು ಅವರೇ.

ಕಳೆದ ವಾರ ಒಬ್ಬ ಹುಡುಗಿ ಗುಂಪಲ್ಲಿ ಕೇಳಿದಳು. ಅಪ್ಪ ತೀರಿಕೊಂಡ ಮೇಲೆ ತೋಟ ಅವಳೇ ನೋಡ್ಕೊಳ್ತಿದಾಳೆ. ಕೊಳೆರೋಗಕ್ಕೆ ಹೊಡೆಯೋ ಬೋರ್ಡೋ ದ್ರಾವಣ ಮಾಡುವಾಗ ಯಾವುದಕ್ಕೆ ಯಾವುದು ಹಾಕೋದು ಅಂತ ಪ್ರಶ್ನೆ. ಭಾವನ ಉತ್ತರ ಹೀಗಿತ್ತು: "ಒಂದು ಕೆಜಿ ಮೈಲುತುತ್ತ 50 ಲೀಟರ್ ನೀರಲ್ಲಿ. ಒಂದು ಕೆಜಿ ಸುಣ್ಣ ಬೇರೆ 50 ಲೀಟರ್‌ನಲ್ಲಿ. ತುತ್ತದ ನೀರನ್ನ ಸುಣ್ಣದ ನೀರಿಗೆ ಹೊಯ್ಯಬೇಕು, ಉಲ್ಟಾ ಅಲ್ಲ. ಕಬ್ಬಿಣದ ಕತ್ತಿ ಅದ್ದಿ ನೋಡು, ಕೆಂಪಗೆ ಹಿಡಿದ್ರೆ ಸುಣ್ಣ ಸಾಲದು. ಇಷ್ಟೂ ಗೊತ್ತಿಲ್ಲದವರು ತೋಟ ಮಾರಿ ಪೇಟೆ ಸೇರ್ಕೊಳ್ಳೋದು ಒಳ್ಳೇದು."

ಕೊನೆ ವಾಕ್ಯ ಬಿಟ್ಟರೆ ಇದಕ್ಕಿಂತ ಒಳ್ಳೆ ಉತ್ತರ ಯಾರೂ ಕೊಡಲ್ಲ. ಹುಡುಗಿ "ಧನ್ಯವಾದ" ಅಂತ ಬರೆದು ಸುಮ್ಮನಾದಳು. ಇದು ಮೊದಲ ಸಲ ಅಲ್ಲ. ಹಿಂದೆ ಎರಡು ಸಲ ಫೋನ್ ಮಾಡಿ ಹೇಳಿದೀನಿ. "ಹೌದೌದು ಮಾರಾಯ" ಅಂತಾರೆ, ಎಂಟು ದಿನ ಬಿಟ್ಟು ಮತ್ತೆ ಶುರು. ಒಬ್ಬ ಅಡ್ಮಿನ್ "ತೆಗೆದು ಬಿಡು" ಅಂತಾನೆ. ಇನ್ನೊಬ್ಬ "ಭಾವ ಇಲ್ಲದಿದ್ರೆ ನಮ್ಮ ಗುಂಪು ಬರೀ ರೇಟ್ ಬೋರ್ಡು" ಅಂತಾನೆ. ಎರಡೂ ನಿಜ.

ಬೇರೆ ಬೇರೆ ಕಡೆ ಈ ಕೆಲಸ ಮಾಡಿದವರು ಇಲ್ಲಿದ್ದೀರಿ. ತೆಗೆಯೋದು, ಬಿಡೋದು ನೀವು ಹೇಗೆ ತೀರ್ಮಾನ ಮಾಡ್ತೀರಿ?

ಮಂಗಳೂರು ಮಳೆ · 10.04

ತೆಗೀಬೇಡಿ ಮಾರಾಯ್ರೆ. ಕೊಳೆರೋಗ ಬಂದಾಗ ಯಾರನ್ನ ಕೇಳ್ತೀರಿ? ಸಭ್ಯ ಜನ ಸಾವಿರ ಸಿಗ್ತಾರೆ, ಕತ್ತಿ ಅದ್ದಿ ನೋಡು ಅಂತ ಹೇಳುವವ ಒಬ್ಬನೇ.

ಕಬ್ಬನ್‌ಪಾರ್ಕ್ ಬೆಂಚು · 10.21

ನಾನು ರೆಡ್ಡಿಟ್‌ನಲ್ಲಿ ಒಂದು ದೊಡ್ಡ ಸಬ್‌ನ (ಅಲ್ಲಿನ ಚರ್ಚಾ ಗುಂಪಿನ) ಮಾಡ್, ಅಂದ್ರೆ ಅಡ್ಮಿನ್ ಥರ, ಆಗಿದ್ದೆ, ನಾಲ್ಕು ವರ್ಷ. ಹೊರಗಿನವರಿಗೆ ಅನ್ಸೋದು ನಾವು ಒಂದು ಕಾಮೆಂಟ್ ಓದಿ ಸಿಟ್ಟಿಗೆದ್ದು ಗುಂಡಿ ಒತ್ತತೀವಿ ಅಂತ. ಸ್ಪ್ಯಾಮ್ ಮತ್ತು ಕೊಲೆ ಬೆದರಿಕೆಗೆ ಹಾಗೇ ಒತ್ತತೀವಿ, ನಿಜ. ಅದರಲ್ಲಿ ಯೋಚನೆ ಮಾಡೋಕೆ ಏನೂ ಇಲ್ಲ, ಮೂರು ಸೆಕೆಂಡಿನ ಕೆಲಸ. ನಮ್ಮ ಸಮಯ ತಿಂದದ್ದು ನಿಮ್ಮ ಭಾವನಂಥವರು. ಒಂದೊಂದೇ ಕಾಮೆಂಟ್ ಎತ್ತಿ ನೋಡಿದ್ರೆ ಯಾವುದೂ ನಿಯಮ ಮುರಿಯಲ್ಲ. ಒಟ್ಟಿಗೆ ಸಾಲಾಗಿ ಜೋಡಿಸಿದ್ರೆ ಮಾತ್ರ ಕಾಣೋದು.

ಅದಕ್ಕೇ ಪ್ರತಿ ಸದಸ್ಯನ ಹೆಸರಿನ ಮುಂದೆ ಮಾಡ್‌ಗಳಿಗೆ ಮಾತ್ರ ಕಾಣೋ ಹಾಗೆ ಟಿಪ್ಪಣಿ ಬರೆದಿಡ್ತಿದ್ವಿ: ಯಾವ ದಿನ, ಏನು ಹೇಳಿದ, ಯಾರು ಎಚ್ಚರಿಸಿದ್ರು. ಟಿಪ್ಪಣಿ ಇಲ್ಲದಿದ್ರೆ ಪ್ರತಿ ಸಲವೂ ಅದು "ಮೊದಲ ಸಲ" ಆಗತ್ತೆ. ನಿಮ್ಮ ಎರಡು ಫೋನ್ ಕರೆ ಉಳಿದ ಇಬ್ಬರು ಅಡ್ಮಿನ್‌ಗೆ ಗೊತ್ತಿತ್ತಾ?

ಕೊನೆಗೊಂಚಲು · 10.26

ಇಲ್ಲ. ಒಬ್ಬನಿಗೆ ಈಗಷ್ಟೇ ಹೇಳಿದೆ. ಅವನೂ ಹೋದ ದೀಪಾವಳಿಗೆ ಒಂದು ಸಲ ಭಾವನಿಗೆ ಹೇಳಿದ್ದನಂತೆ! ನನಗೆ ಗೊತ್ತೇ ಇಲ್ಲ.

ಕಬ್ಬನ್‌ಪಾರ್ಕ್ ಬೆಂಚು · 10.28

ನೋಡಿ. ಮೂರು ಎಚ್ಚರಿಕೆ ಆಗಿದೆ, ನಿಮ್ಮ ಲೆಕ್ಕದಲ್ಲಿ ಎರಡು, ಅವನ ಲೆಕ್ಕದಲ್ಲಿ ಒಂದು, ಭಾವನ ಲೆಕ್ಕದಲ್ಲಿ ಸೊನ್ನೆ.

ಅರಳಿಕಟ್ಟೆ ಕಾಯುವವ · 10.47

ನನ್ನ ಅನುಭವ ವಿಕಿಪೀಡಿಯದ್ದು. ಕನ್ನಡ ವಿಕಿಯಲ್ಲಿ ಸಮುದಾಯ ಚರ್ಚೆ ನಡೆಯೋ ಪುಟದ ಹೆಸರೇ ಅರಳಿ ಕಟ್ಟೆ. ಅಲ್ಲಿ ಜಗಳ ಕಮ್ಮಿ, ಯಾಕಂದ್ರೆ ಜನವೇ ಕಮ್ಮಿ. ಇಂಗ್ಲಿಷ್ ವಿಕಿಯಲ್ಲಿ ಮಾತ್ರ ಇಪ್ಪತ್ತು ವರ್ಷದ ಜಗಳದಿಂದ ಒಂದು ಶಾಸ್ತ್ರವೇ ಬೆಳೆದಿದೆ.

ಅಲ್ಲಿ ಮೊದಲ ಪಾಠ ಏನಂದ್ರೆ, ತಡೆ ಹಾಕೋದು ಶಿಕ್ಷೆಗಲ್ಲ, ಮುಂದಾಗೋ ಹಾನಿ ತಪ್ಪಿಸೋಕೆ. ಕೇಳೋಕೆ ಎರಡೂ ಒಂದೇ ಅನ್ಸತ್ತೆ. ಆದ್ರೆ ಕೂತು ತೀರ್ಮಾನ ಮಾಡುವಾಗ ಪೂರ್ತಿ ಬೇರೆ. ಶಿಕ್ಷೆ ಅಂದ್ಕೊಂಡ್ರೆ "ಇವನು ಮಾಡಿದ್ದು ಎಷ್ಟು ದೊಡ್ಡ ತಪ್ಪು" ಅಂತ ತೂಗ್ತೀರಿ. ತಡೆ ಅಂದ್ಕೊಂಡ್ರೆ "ನಾಳೆ ಮತ್ತೆ ಮಾಡ್ತಾನಾ" ಅಂತ ಕೇಳ್ಕೊಳ್ತೀರಿ. ಹೋದ ವರ್ಷ ಬೈದು ಈಗ ಸುಮ್ಮನಿರೋನನ್ನ ಇವತ್ತು ತೆಗೆಯೋಕೆ ಕಾರಣವೇ ಇಲ್ಲ. ಸಣ್ಣದಾಗೇ ಮಾತಾಡಿದ್ರೂ ನಿಲ್ಲಿಸದೇ ಇರೋನಿಗೆ ಕಾರಣ ಇದೆ.

ಎರಡನೇದು, ಅಲ್ಲಿ ಬ್ಲಾಕ್ ಬೇರೆ, ಬ್ಯಾನ್ ಬೇರೆ. ಬ್ಲಾಕ್ ಅಂದ್ರೆ ತಾಂತ್ರಿಕ ಬೀಗ, ಒಬ್ಬ ನಿರ್ವಾಹಕ ಹಾಕಬಹುದು. ಬ್ಯಾನ್ ಸಮುದಾಯದ ತೀರ್ಮಾನ. ಬ್ಯಾನ್ ಪೂರ್ತಿ ಮನುಷ್ಯನಿಗೇ ಹಾಕಬೇಕು ಅಂತಿಲ್ಲ. ಒಂದು ವಿಷಯಕ್ಕೆ ಹಾಕಬಹುದು: "ನೀವು ಈ ವಿಷಯದ ಪುಟ ಮುಟ್ಟಬೇಡಿ, ಉಳಿದದ್ದೆಲ್ಲ ಬರೀರಿ." ಇಬ್ಬರ ನಡುವೆ ಹಾಕಬಹುದು: "ನೀವು ಅವರಿಗೆ ಉತ್ತರಿಸಬೇಡಿ, ಅವರು ನಿಮಗೆ ಉತ್ತರಿಸಲ್ಲ."

ಇನ್ನೊಂದು, ಜಗಳದಲ್ಲಿ ಪಾಲು ಇರೋ ನಿರ್ವಾಹಕ ಗುಂಡಿ ಮುಟ್ಟೋ ಹಾಗಿಲ್ಲ. ತಾನೇ ಸರಿ ಇದ್ರೂ ಬೇರೆಯವರನ್ನ ಕರೀಬೇಕು. ಯಾರು, ಯಾರಿಗೆ, ಎಷ್ಟು ದಿನ, ಯಾಕೆ ತಡೆ ಹಾಕಿದ್ರು ಅನ್ನೋದು ಪಟ್ಟಿಯಲ್ಲಿ ಎಲ್ಲರಿಗೂ ಕಾಣತ್ತೆ.

ಧಾರವಾಡ ಪೇಡೆ · 11.10

ಅಲ್ರೀ, ಎಲ್ಲಾರೂ ತೆಗೆಯೋರ ಕಡಿಂದ ಮಾತಾಡಾಕ್ಹತ್ತೀರಿ. ತೆಗಿಸ್ಕೊಂಡಾಂವ ನಾನು, ನಂದೂ ಒಂಚೂರು ಕೇಳ್ರಿ.

ನಾಕು ವರ್ಷದ ಹಿಂದ ನಮ್ಮ ಹಳೇ ವಿದ್ಯಾರ್ಥಿಗಳ ಗುಂಪಿನ್ಯಾಗ ಕಟ್ಟಡ ನಿಧಿ ಲೆಕ್ಕ ಕೇಳಿದೆ. ಬೈಲಿಲ್ಲ, ಏನಿಲ್ಲ. "ಮೂರು ತಿಂಗಳಾತು, ಖರ್ಚಿಂದು ಒಂದು ಚೀಟಿ ಹಾಕ್ರೆಪಾ" ಅಂದೆ, ಅಷ್ಟ. ರಾತ್ರಿ ಹನ್ನೊಂದೂ ನಲವತ್ತಕ್ಕ ಫೋನ್ ನೋಡಿದ್ರ ನನ್ನ ತೆಗೆದಾರ. ಯಾರೂ ಒಂದು ಮಾತು ಹೇಳಲಿಲ್ಲ. ಮುಂದ ಗೊತ್ತಾತು, ಗುಂಪಿನ್ಯಾಗ "ಶಿಸ್ತು ಕ್ರಮ" ಅಂತ ಬರದಾರಂತ. ಯಾವ ಶಿಸ್ತು? ಐವತ್ತು ವರ್ಷದ ಗೆಳೆಯಾರು, ಮದುವಿಗೆ ಕರದ್ರು, ಆದ್ರ ನನ್ನ ನೋಡಿ ಒಂಥರಾ ನಗ್ತಿದ್ರು. ಲೆಕ್ಕ ಇನ್ನೂ ಬಂದಿಲ್ಲ.

ಅದಕ್ಕ ಹೇಳ್ತೀನಿ. ಭಾವನ್ನ ತೆಗೀರಿ, ಬಿಡ್ರಿ, ನಿಮಗ ಬಿಟ್ಟದ್ದು. ತೆಗೆಯೋದಿದ್ರ ಮೊದಲ ಮಾರಿ ನೋಡಿ ಕಾರಣ ಹೇಳ್ರಿ. ರಾತ್ರಿ ಹನ್ನೊಂದೂ ನಲವತ್ತಕ್ಕ ತೆಗೀಬ್ಯಾಡ್ರಿ.

ಮಂಗಳೂರು ಮಳೆ · 11.15

ಹನ್ನೊಂದು ನಲವತ್ತಕ್ಕೆ ಯಾರನ್ನಾದ್ರೂ ತೆಗೀತಾರೆ ಅಂದ್ರೆ ಅದು ನಿಯಮ ಅಲ್ಲ, ಎರಡನೇ ಪೆಗ್ಗು.

ಕೋರ್ಟ್ ಕಾರಿಡಾರ್ · ಮಂಗಳವಾರ ಬೆಳಗ್ಗೆ 7.32

ವಕೀಲನಾಗಿ ಒಂದು ಮಾತು ಸೇರಿಸ್ತೀನಿ, ಯಾಕಂದ್ರೆ ಹೆಚ್ಚಿನ ಅಡ್ಮಿನ್‌ಗಳು ಹೆದರಿ ಜನರನ್ನ ತೆಗೀತಾರೆ. "ಅವನು ಏನೋ ಹಾಕಿದ್ರೆ ಪೊಲೀಸರು ನನ್ನ ಮನೆಗೆ ಬರ್ತಾರೆ" ಅನ್ನೋ ಭಯ.

2016ರಲ್ಲೇ ದೆಹಲಿ ಹೈಕೋರ್ಟ್ ಒಂದು ಮಾನಹಾನಿ ಕೇಸಿನಲ್ಲಿ ಹೇಳಿದೆ: ಸದಸ್ಯ ಬರೆದದ್ದಕ್ಕೆ ಅಡ್ಮಿನ್ ಹೊಣೆ ಅನ್ನೋದು, ಪತ್ರಿಕೆಯಲ್ಲಿ ಬಂದ ಮಾನಹಾನಿಗೆ ಕಾಗದ ತಯಾರಿಸಿದವನನ್ನ ಹಿಡಿದ ಹಾಗೆ. 2021ರಲ್ಲಿ ಬಾಂಬೆ ಹೈಕೋರ್ಟಿನ ನಾಗಪುರ ಪೀಠ, 2022ರ ಫೆಬ್ರವರಿಯಲ್ಲಿ ಕೇರಳ ಹೈಕೋರ್ಟ್ ಇದೇ ದಾರಿ ಹಿಡಿದವು. ಅಡ್ಮಿನ್‌ಗೆ ಉಳಿದ ಸದಸ್ಯರ ಮೇಲಿರೋ ಹೆಚ್ಚಿನ ಅಧಿಕಾರ ಸೇರಿಸೋದು, ತೆಗೆಯೋದು ಅಷ್ಟೇ, ಯಜಮಾನ ಮತ್ತು ಆಳಿನ ಸಂಬಂಧ ಅಲ್ಲ ಅಂತ ಕೇರಳದ ತೀರ್ಪು. ಅವನ ಜೊತೆ ಸೇರಿ ನೀವೂ ಸಂಚು ಮಾಡಿದ್ರೆ ಮಾತು ಬೇರೆ.

ಹಾಗಂತ ಸುಮ್ಮನಿರಿ ಅಂತಲ್ಲ. ತೆಗೆಯೋದಿದ್ರೆ ಗುಂಪಿನ ಒಳ್ಳೇದಕ್ಕೆ ತೆಗೀರಿ, ಕಾನೂನಿನ ಹೆಸರು ಹೇಳಿ ಹೆದರಿಸಿ ತೆಗೀಬೇಡಿ.

ಧಾರವಾಡ ಪೇಡೆ · 7.50

ವಕೀಲ್ ಸಾಹೇಬ್ರ, ತೆಗಿಸ್ಕೊಂಡಾಂವ ಎಲ್ಲಿ ಹೋಗಬೇಕು?

ಕೋರ್ಟ್ ಕಾರಿಡಾರ್ · 8.05

ಕಂಪನಿಯೇ ನಿಮ್ಮ ಖಾತೆ ಮುಚ್ಚಿದ್ರೆ ದಾರಿ ಇದೆ. 2021ರ ಐಟಿ ನಿಯಮಗಳ ಪ್ರಕಾರ ಅವರ ದೂರು ಅಧಿಕಾರಿ 24 ಗಂಟೆಯಲ್ಲಿ ದೂರು ತಲುಪಿದೆ ಅಂತ ಹೇಳಬೇಕು, ಗೊತ್ತುಮಾಡಿದ ದಿನಗಳೊಳಗೆ ಇತ್ಯರ್ಥ ಮಾಡಬೇಕು. ಅದರ ಮೇಲೆ 2023ರಿಂದ ಮೇಲ್ಮನವಿ ಸಮಿತಿಗಳೂ ಇವೆ. ನಿಮ್ಮ ಗೆಳೆಯರ ಗುಂಪಿನ ಅಡ್ಮಿನ್ ತೆಗೆದ್ರೆ? ಅವನ ಮನೆ ಜಗುಲಿಗೇ ಹೋಗಬೇಕು. ಕಟ್ಟಡ ನಿಧಿ ಲೆಕ್ಕದ ವಿಷಯ ಬೇರೆ, ಅದಕ್ಕೆ ನನ್ನ ಆಫೀಸಿಗೆ ಬನ್ನಿ.

ಹಳೇ ಮೋಡೆಮ್ · 8.40

ನ್ಯೂಜೆರ್ಸಿಯಿಂದ. ಇಲ್ಲಿ ರಾತ್ರಿ, ನಿದ್ದೆ ಬರ್ತಿಲ್ಲ, ಆದ್ದರಿಂದ ಉದ್ದ ಬರೀತೀನಿ, ಕ್ಷಮಿಸಿ.

ಈ ಪ್ರಶ್ನೆ ಇಂಟರ್ನೆಟ್ಟಿನಷ್ಟೇ ಹಳೇದು. ಲ್ಯಾಂಬ್ಡಾಮೂ ಅಂತ ಒಂದು ಲೋಕ ಇತ್ತು. ಚಿತ್ರ ಇಲ್ಲ, ಬರೀ ಅಕ್ಷರ. ಒಂದು ದೊಡ್ಡ ಮನೆ, ಅದರ ಕೋಣೆಗಳಲ್ಲಿ ಜನ ಪಾತ್ರಗಳಾಗಿ ಓಡಾಡ್ತಿದ್ರು. ಪಾವೆಲ್ ಕರ್ಟಿಸ್ ಅನ್ನೋರು ಝೆರಾಕ್ಸ್ ಕಂಪನಿಯ ಸಂಶೋಧನಾ ಕೇಂದ್ರದಲ್ಲಿ 1990ರಲ್ಲಿ ಶುರು ಮಾಡಿದ್ದು. ಅಡ್ಮಿನ್‌ಗಳಿಗೆ ಅಲ್ಲಿ "ಮಾಂತ್ರಿಕರು" ಅಂತ ಹೆಸರು. ಒಂದು ಹಂತದಲ್ಲಿ ಮಾಂತ್ರಿಕರು ಬೇಸತ್ತು, ಇನ್ನು ನಿಮ್ಮ ಜಗಳ ನೀವೇ ತೀರಿಸ್ಕೊಳ್ಳಿ, ನಾವು ಯಂತ್ರ ನೋಡ್ಕೊಳ್ತೀವಿ ಅಂದುಬಿಟ್ರು.

1993ರಲ್ಲಿ ಒಬ್ಬ ಒಂದು ತಂತ್ರ ಬಳಸಿ, ಬೇರೆಯವರ ಪಾತ್ರಗಳು ಎಲ್ಲರೆದುರು ಅಸಹ್ಯ ಕೃತ್ಯ ಮಾಡ್ತಿರೋ ಹಾಗೆ ಬರೆದ. ಬರೀ ಅಕ್ಷರ, ನಿಜ. ಆದ್ರೆ ಅದನ್ನ ಅನುಭವಿಸಿದ ಒಬ್ಬ ಹೆಣ್ಣುಮಗಳು ನಿಜವಾಗಿಯೂ ಅತ್ತಳು. ಅವನನ್ನ ಅಳಿಸಿಹಾಕಬೇಕಾ ಅಂತ ಒಂದು ಕೋಣೆಯಲ್ಲಿ ಸಭೆ ಸೇರಿದ್ರು. ಗಂಟೆಗಟ್ಟಲೆ ಮಾತು. ಯಾರಿಗೆ ಅಧಿಕಾರ? ಯಾವ ನಿಯಮ? ನಿಯಮವೇ ಇಲ್ಲದಾಗ ಮುರಿದದ್ದು ಹೇಗೆ? ತೀರ್ಮಾನ ಆಗದೇ ಸಭೆ ಚದುರಿತು. ಆಮೇಲೆ ಒಬ್ಬ ಮಾಂತ್ರಿಕ ಒಬ್ಬನೇ ಕೂತು ಯೋಚಿಸಿ, ಯಾರನ್ನೂ ಕೇಳದೆ ಅವನನ್ನ ಅಳಿಸಿಬಿಟ್ಟ. ಪರವೂರಿಗೆ ಹೋಗಿದ್ದು ವಾಪಸ್ ಬಂದ ಕರ್ಟಿಸ್ ಇದೆಲ್ಲ ಓದಿ, ಅರ್ಜಿ ಹಾಕೋದು, ಮತ ಹಾಕೋದು ಅನ್ನೋ ವ್ಯವಸ್ಥೆ ತಂದ್ರು. ಅಳಿಸಿಕೊಂಡವನು ಬೇರೆ ಹೆಸರಲ್ಲಿ ವಾಪಸ್ ಬಂದ, ಅದು ಬೇರೆ ಕಥೆ.

ಮೂವತ್ತು ವರ್ಷದ ಮೇಲಾಯ್ತು. ನನಗೆ ಇದರಲ್ಲಿ ಕಾಡೋದು ಆ ಸಭೆ. ಎಲ್ಲರಿಗೂ ತಪ್ಪು ಯಾವುದು ಅಂತ ಗೊತ್ತಿತ್ತು. ಗುಂಡಿ ಒತ್ತೋ ಕೈ ಯಾರದು ಅನ್ನೋದು ಗೊತ್ತಿರಲಿಲ್ಲ. ನಮ್ಮ ಊರಿನ ಕನ್ನಡ ಕೂಟದ ಗುಂಪಿನಲ್ಲೂ ಇದೇ ಆಗಿದ್ದು: ಎಂಟು ಅಡ್ಮಿನ್, ಎಂಟೂ ಜನ ಇನ್ನೊಬ್ಬರು ಮಾಡ್ತಾರೆ ಅಂತ ಕಾದ್ರು.

ಕೆರೆ ಏರಿ · 9.15

ನಮ್ಮ ತುಮಕೂರು ಕಡೆ ಹಳೇ ಕಾಲದಲ್ಲೇ ಪರಿಹಾರ ಇತ್ತು, ಬಹಿಷ್ಕಾರ. ಪಂಚಾಯ್ತಿ ಸೇರಿ ಒಂದೇ ಮಾತಲ್ಲಿ ಮುಗಿಸ್ತಿದ್ರು. ಊರೆಲ್ಲ ಸುಮ್ಮನಾಗ್ತಿತ್ತು.

ಸದ್ದಿಲ್ಲದೆ ಓದುವವಳು · 9.31

@ಕೆರೆ ಏರಿ ಆ ಪದ ಹಾಗೆ ಹಗುರಾಗಿ ಬಳಸಬೇಡಿ ಸರ್. ಬಹಿಷ್ಕಾರ ಅಂದ್ರೆ ಬಾವಿ ನೀರು ಇಲ್ಲ, ಅಂಗಡಿಯಲ್ಲಿ ಅಕ್ಕಿ ಇಲ್ಲ, ಹೆಣ ಎತ್ತೋಕೆ ಜನ ಇಲ್ಲ. ನಮ್ಮ ಅಜ್ಜನ ಮನೆಗೆ ಆಗಿದೆ, ದೇವಸ್ಥಾನದ ಮೆಟ್ಟಿಲು ಹತ್ತಿದ್ದಕ್ಕೆ. ಅದನ್ನ ತಡೆಯೋಕೆ ಮಹಾರಾಷ್ಟ್ರದಲ್ಲಿ 2016ರಲ್ಲಿ ಪ್ರತ್ಯೇಕ ಕಾನೂನೇ ಪಾಸು ಮಾಡಬೇಕಾಯ್ತು. ಊರು ಸುಮ್ಮನಾದದ್ದು ನ್ಯಾಯ ಸಿಕ್ಕಿ ಅಲ್ಲ, ಹೆದರಿ.

ಕೆರೆ ಏರಿ · 9.58

ತಪ್ಪಾಯ್ತು ತಂಗಿ, ಯೋಚನೆ ಮಾಡದೆ ಬರೆದೆ. ಅಳಿಸಲ್ಲ, ಇರಲಿ.

ನಾನು ಹೇಳಬೇಕಿದ್ದದ್ದು ನೀರಗಂಟಿ ವಿಷಯ. ನಮ್ಮಜ್ಜ ನೀರಗಂಟಿ. ಕೆರೆ ತೂಬು ಎತ್ತೋದು, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಅಂತ ನೋಡೋದು ಅವರ ಕೆಲಸ. ಯಾರಾದ್ರೂ ಸರದಿ ತಪ್ಪಿಸಿ ಗದ್ದೆಗೆ ನೀರು ಬಿಡೋ ಮಡವೆ ಕಡಿದ್ರೆ ಮೊದಲು ಅಜ್ಜ ಹೋಗಿ ಮಣ್ಣು ಹಾಕಿ ಮುಚ್ಚಿ ಬರೋರು, ಒಂದು ಮಾತೂ ಆಡ್ತಿರಲಿಲ್ಲ. ಎರಡನೇ ಸಲ ಅವನ ಮನೆ ಮುಂದೆ ನಿಂತು ಕೇಳೋರು. ಮೂರನೇ ಸಲಕ್ಕೇ ದಂಡ. ನೀರು ಪೂರ್ತಿ ನಿಲ್ಲಿಸಿದ್ದು ಅವರ ಜೀವಮಾನದಲ್ಲಿ ಒಂದೇ ಸಲ ಅಂತ ಹೇಳ್ತಿದ್ರು.

ಎಲಿನಾರ್ ಆಸ್ಟ್ರಮ್ ಅಂತ ಅಮೆರಿಕದ ವಿದ್ವಾಂಸೆ, 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು, ಆ ವಿಷಯದಲ್ಲಿ ಅದನ್ನ ಪಡೆದ ಮೊದಲ ಹೆಂಗಸು. ಅವರು ಜಗತ್ತಿನ ಎಷ್ಟೋ ಕಡೆಯ ನೀರಾವರಿ, ಕಾಡು, ಮೀನುಗಾರಿಕೆ ನೋಡಿ ಕಂಡುಕೊಂಡದ್ದರಲ್ಲಿ ಇದೂ ಒಂದು: ಬಹುಕಾಲ ಬಾಳಿದ ಕಡೆ ದಂಡ ಮೆಟ್ಟಿಲು ಮೆಟ್ಟಿಲಾಗಿ ಏರತ್ತೆ. ಮೊದಲ ಮೆಟ್ಟಿಲು ತೀರಾ ಸಣ್ಣದು. ನಮ್ಮಜ್ಜನಿಗೆ ನೊಬೆಲ್ ಬರಲಿಲ್ಲ, ಭತ್ತ ಬರ್ತಿತ್ತು.

ಅರಳಿಕಟ್ಟೆ ಕಾಯುವವ · 10.20

ಮೆಟ್ಟಿಲಿನ ಮಾತು ಬಂತಲ್ಲ, ಸ್ಟ್ಯಾಕ್ ಓವರ್‌ಫ್ಲೋ ಅಂತ ಪ್ರೋಗ್ರಾಮರ್‌ಗಳ ಪ್ರಶ್ನೋತ್ತರ ತಾಣದಲ್ಲಿ ಅದು ಚೆನ್ನಾಗಿದೆ. ಮೊದಲು ಮಾಡರೇಟರ್‌ನಿಂದ ಖಾಸಗಿ ಸಂದೇಶ, ಆಮೇಲೆ ಸಾಮಾನ್ಯವಾಗಿ 7 ದಿನ, 30 ದಿನ, 365 ದಿನ ತಡೆ. ತಡೆ ಇರೋವಷ್ಟು ದಿನ ನಿಮ್ಮ ಅಂಕ ಎಷ್ಟೇ ಇದ್ರೂ 1 ಅಂತ ತೋರಿಸತ್ತೆ! ಲಕ್ಷ ಅಂಕದ ಪಂಡಿತರೂ ಒಂದು. ಮುಗಿದ ಮೇಲೆ ವಾಪಸ್ ಬರತ್ತೆ.

ಮಂಗಳೂರು ಮಳೆ · 10.24

ಸಮ್ಥಿಂಗ್ ಆಫುಲ್ ಅಂತ ಒಂದು ಹಳೇ ತಾಣ ಉಂಟು. ಅಲ್ಲಿ ಸೇರಲಿಕ್ಕೆ 10 ಡಾಲರ್. ಬ್ಯಾನ್ ಆದ್ರೆ ಮತ್ತೆ 10 ಡಾಲರ್ ಕೊಟ್ಟು ಬರಬಹುದು. ಯಾರನ್ನ ಯಾಕೆ ತೆಗೆದ್ರು ಅಂತ ಪಟ್ಟಿ ಸಹ ಎಲ್ಲರಿಗೂ ಕಾಣ್ತದೆ. ನಿಮ್ಮ ಭಾವನಿಗೆ ಒಂದು ಬೈಗುಳಕ್ಕೆ ಒಂದು ಕೆಜಿ ಚಾಲಿ (ಸುಲಿದ ಒಣ ಅಡಿಕೆ) ಅಂತ ಇಡಿ. ಗುಂಪಿಗೆ ಗೋಡೌನ್ ಕಟ್ಟಬಹುದು.

ಸದ್ದಿಲ್ಲದೆ ಓದುವವಳು · 11.02

ನಾನು ಸಾಮಾನ್ಯವಾಗಿ ಬರೆಯಲ್ಲ, ಹೆಸರೇ ಹೇಳತ್ತೆ. ಇವತ್ತು ಎರಡನೇ ಸಲ.

ಎಲ್ಲರೂ ಭಾವನ ಬಗ್ಗೆ ಮಾತಾಡ್ತಿದೀರಿ. ಅವರ ಜ್ಞಾನ, ಅವರ ವಯಸ್ಸು, ಅವರಿಗೆ ಎಷ್ಟು ಸಲ ಹೇಳಿದ್ರಿ, ಅವರನ್ನ ತೆಗೆದ್ರೆ ಅವರಿಗೆ ಹೇಗನ್ಸತ್ತೆ. ಆ ಹುಡುಗಿಯ ಬಗ್ಗೆ ಒಂದು ಸಾಲೂ ಇಲ್ಲ. ಅವಳು "ಧನ್ಯವಾದ" ಅಂತ ಬರೆದು ಸುಮ್ಮನಾದಳು ಅಂತ ನೀವೇ ಬರೆದ್ರಿ. ಸುಮ್ಮನಾದವರು ಏನಾಗ್ತಾರೆ ಗೊತ್ತಾ? ಮುಂದಿನ ಸಲ ಕೇಳಲ್ಲ. ಅವಳಿಗೆ ಬೈದದ್ದನ್ನ ಓದಿದ ಇನ್ನೂ ಇಪ್ಪತ್ತು ಜನ ಕೇಳಲ್ಲ. ಅವರ ಲೆಕ್ಕ ಯಾರ ಹತ್ತಿರವೂ ಇರಲ್ಲ, ಯಾಕಂದ್ರೆ ಬರೆಯದೇ ಇದ್ದ ಪ್ರಶ್ನೆ ಯಾರಿಗೂ ಕಾಣಲ್ಲ.

ವಾಟ್ಸಾಪ್‌ನಲ್ಲಿ 2022ರಿಂದ ಯಾರಾದ್ರೂ ತಾವಾಗಿ ಹೊರಗೆ ಹೋದ್ರೆ ಅಡ್ಮಿನ್‌ಗೆ ಮಾತ್ರ ತಿಳಿಯತ್ತೆ, ಗುಂಪಿಗೆ ಗೊತ್ತಾಗಲ್ಲ. ನೀವು ಸೂಚನೆ ನೋಡದಿದ್ರೂ ಪರವಾಗಿಲ್ಲ, ಗುಂಪಿನ ವಿವರದಲ್ಲಿ ಸದಸ್ಯರ ಪಟ್ಟಿಯ ಕೆಳಗೆ, 60 ದಿನದ ಒಳಗೆ ಹೋದವರ ಪಟ್ಟಿ ಇರತ್ತೆ. ಅದನ್ನ ತೆಗೆದು ನೋಡಿ. ಪ್ರತಿ ಹೆಸರಿನ ಮುಂದೆ ತಾರೀಕೂ ಇರತ್ತೆ. ಆ ತಾರೀಕಿನ ಹಿಂದಿನ ದಿನ ಗುಂಪಲ್ಲಿ ಏನಾಗಿತ್ತು ಅಂತ ನೋಡಿ. ಆಮೇಲೆ ತೀರ್ಮಾನ ಮಾಡಿ.

ಕಬ್ಬನ್‌ಪಾರ್ಕ್ ಬೆಂಚು · 11.09

ನಾಲ್ಕು ವರ್ಷ ಮಾಡ್ ಆಗಿ ನಾನು ಇದನ್ನ ಯಾವತ್ತೂ ಎಣಿಸಲಿಲ್ಲ. ರಿಪೋರ್ಟ್ ಎಷ್ಟು ಬಂತು ಅಂತ ಎಣಿಸ್ತಿದ್ವಿ. ರಿಪೋರ್ಟ್ ಮಾಡೋರು ಇರೋಕೆ ಮನಸ್ಸಿರೋರು.

ಕೊನೆಗೊಂಚಲು · ಮಂಗಳವಾರ ರಾತ್ರಿ 10.15

ನೋಡಿದೆ. 14 ಜನ ಹೋಗಿದಾರೆ, 60 ದಿನದಲ್ಲಿ. ಸೂಚನೆ ಬರ್ತಾನೇ ಇತ್ತು, ಗುಡ್ ಮಾರ್ನಿಂಗ್ ಹೂವಿನ ಮಧ್ಯೆ ನಾನು ಗಮನಿಸಿಯೇ ಇಲ್ಲ.

ಐದು ಜನ ಬೇರೆ ಬೇರೆ ದಿನ, ಏನೂ ಸಂಬಂಧ ಕಾಣಲ್ಲ, ಫೋನ್ ಬದಲಿಸಿರಬಹುದು. ಒಂಬತ್ತು ಜನ ಹೋದದ್ದು ಮೂರೇ ದಿನ. ಮೂರೂ ದಿನದ ಹಿಂದಿನ ಸಂಜೆ ಭಾವನದ್ದು ಒಂದೊಂದು "ಉತ್ತರ" ಇದೆ. ಒಂದು ದಿನ ಒಬ್ಬ ಕೊನೆಗೌಡನಿಗೆ, ಅಂದ್ರೆ ಅಡಿಕೆ ಮರ ಹತ್ತೋ ಕೆಲಸದವನಿಗೆ. ಆತ ದೋಟಿಯಲ್ಲಿ ಔಷಧಿ ಹೊಡೆಯೋದರ ಬಗ್ಗೆ ಏನೋ ಬರೆದಿದ್ದ, ಅದಕ್ಕೆ ಭಾವ "ಮರ ಹತ್ತೋರು ಮರ ಹತ್ತಲಿ, ಪಾಠ ಬೇಡ" ಅಂದಿದ್ರು. ಅವತ್ತು ನಾಲ್ಕು ಜನ ಹೋಗಿದಾರೆ. ನಾಲ್ಕೂ ಜನ ಮರ ಹತ್ತೋರು. ಈಗ ನಮ್ಮ ಗುಂಪಲ್ಲಿ ಕೆಲಸದವರು ಬೇಕು ಅಂತ ದಿನಾ ಕೇಳ್ತಾರೆ, ಉತ್ತರ ಬರಲ್ಲ. ನಾನು ಹಂಗಾಮು ಜೋರಾಗಿದೆ, ಅವರಿಗೆ ಪುರುಸೊತ್ತಿಲ್ಲ ಅಂದ್ಕೊಂಡಿದ್ದೆ.

ಹುಡುಗಿಗೂ ಫೋನ್ ಮಾಡಿದೆ. ಗುಂಪಲ್ಲೇ ಇದಾಳೆ. "ಬೇಜಾರಿಲ್ಲ ಅಣ್ಣ, ಅವರು ಹೇಳಿದ ಹಾಗೇ ಮಾಡಿದೆ, ಕತ್ತಿ ಕೆಂಪಾಗಲಿಲ್ಲ" ಅಂದಳು. ಆಮೇಲೆ ಸ್ವಲ್ಪ ತಡೆದು, "ಮುಂದೆ ಏನಾದ್ರೂ ಇದ್ರೆ ನಿಮಗೇ ಪರ್ಸನಲ್ ಆಗಿ ಕೇಳ್ತೀನಿ" ಅಂದಳು.

ಮಂಗಳೂರು ಮಳೆ · 10.22

ನಾನು ಮೊದಲು ಹೇಳಿದ್ದು ವಾಪಸ್ ತಗೊಂಡೆ.

ಹಳೇ ಮೋಡೆಮ್ · 10.40

ಕಾರಣ ಎಲ್ಲರೆದುರು ಹೇಳ್ತೀರಾ? ಅದೂ ಯೋಚಿಸಿ. ಹೇಳಿದ್ರೆ ದೂರಿದವರು ಯಾರು ಅಂತ ಜನ ಹುಡುಕ್ತಾರೆ. ಆ ಹುಡುಗಿಯ ಹೆಸರು ಮೊದಲು ಬರತ್ತೆ.

ಅರಳಿಕಟ್ಟೆ ಕಾಯುವವ · 11.05

ಇದಕ್ಕೆ ದೊಡ್ಡ ಉದಾಹರಣೆ 2019ರದ್ದು. ಇಂಗ್ಲಿಷ್ ವಿಕಿಪೀಡಿಯದ ಒಬ್ಬ ಹಳೇ ನಿರ್ವಾಹಕರನ್ನ ಜೂನ್ ತಿಂಗಳಲ್ಲಿ ವಿಕಿಪೀಡಿಯ ನಡೆಸೋ ಸಂಸ್ಥೆ ವಿಕಿಮೀಡಿಯ ಫೌಂಡೇಶನ್ ನೇರವಾಗಿ ಒಂದು ವರ್ಷಕ್ಕೆ ಹೊರಗೆ ಹಾಕಿತು. ಅಲ್ಲಿವರೆಗೆ ಇಂಥದ್ದೆಲ್ಲ ಅಲ್ಲಿನ ಸಮುದಾಯ ಮತ್ತು ಅವರೇ ಆರಿಸಿದ ಪಂಚಾಯ್ತಿ ಸಮಿತಿಯ ಕೈಯಲ್ಲಿತ್ತು. ದೂರು ಕೊಟ್ಟವರನ್ನ ಕಾಪಾಡಬೇಕು, ಆದ್ದರಿಂದ ವಿವರ ಹೇಳಲ್ಲ ಅಂತು ಫೌಂಡೇಶನ್. ಜನ ಸಿಡಿದೆದ್ದರು. ಇನ್ನೊಬ್ಬ ನಿರ್ವಾಹಕ ತಡೆ ತೆಗೆದೇಬಿಟ್ಟ. ಇಪ್ಪತ್ತಕ್ಕೂ ಹೆಚ್ಚು ನಿರ್ವಾಹಕರು ರಾಜೀನಾಮೆ ಕೊಟ್ಟರು. ಕೊನೆಗೆ ಸೆಪ್ಟೆಂಬರ್‌ನಲ್ಲಿ ಸಮಿತಿ ದಾಖಲೆ ನೋಡಿ ನಿಷೇಧ ರದ್ದು ಮಾಡಿತು, ಆದ್ರೆ ನಿರ್ವಾಹಕನ ಅಧಿಕಾರ ವಾಪಸ್ ಕೊಡಲಿಲ್ಲ.

ಎರಡೂ ಕಡೆಯವರದ್ದೂ ನನಗೆ ಅರ್ಥ ಆಗತ್ತೆ. ಹೇಳಿದ್ರೆ ದೂರಿದವರು ಸಿಕ್ಕಿಬೀಳ್ತಾರೆ, ಹೇಳದಿದ್ರೆ ಧಾರವಾಡದವರಿಗೆ ಆದ ಹಾಗೆ ಆಗತ್ತೆ. ನಾನು ಹಿಡಿದ ದಾರಿ: ತೆಗಿಸಿಕೊಂಡವರಿಗೆ ಅವರದ್ದೇ ಮಾತು, ತಾರೀಕು ಸಮೇತ ಪೂರ್ತಿ ತೋರಿಸೋದು. ಊರಿಗೆ ಏನು ಮಾಡಿದ್ವಿ, ಎಷ್ಟು ದಿನ ಅನ್ನೋದು ಮಾತ್ರ ಹೇಳೋದು. ಭಾವನ ಮಾತು ಹೇಗೂ ಎಲ್ಲರೆದುರೇ ಬಿದ್ದದ್ದು, ಹುಡುಗಿ ದೂರು ಕೊಟ್ಟೇ ಇಲ್ಲ. ಹಾಗಾಗಿ ನಿಮಗೆ ಸುಲಭ.

ಕಬ್ಬನ್‌ಪಾರ್ಕ್ ಬೆಂಚು · 11.18

ಟೆಲಿಗ್ರಾಮ್ ಆಗಿದ್ರೆ ಒಬ್ಬರ ಬಾಯಿಗೆ ಮಾತ್ರ ಒಂದು ವಾರ ಬೀಗ ಹಾಕಬಹುದಿತ್ತು, ಓದ್ತಾ ಇರೋರು. ವಾಟ್ಸಾಪ್‌ನಲ್ಲಿ ಇರೋದು ಎರಡೇ: ಅಡ್ಮಿನ್ ಬಿಟ್ಟು ಎಲ್ಲರ ಬಾಯಿ ಮುಚ್ಚಿ, ಇಲ್ಲ ಆ ಒಬ್ಬರನ್ನ ಹೊರಗೆ ಹಾಕಿ. ನಡುವಿನ ಮೆಟ್ಟಿಲನ್ನ ನೀವೇ ಕಟ್ಟಬೇಕು. ತೆಗೀರಿ, ಆದ್ರೆ ವಾಪಸ್ ಸೇರಿಸೋ ದಿನ ಮೊದಲೇ ಹೇಳಿ.

ಧಾರವಾಡ ಪೇಡೆ · 11.25

ಮತ್ತ ಮಾರಿ ನೋಡಿ ಹೇಳ್ರಿ.

ಕೊನೆಗೊಂಚಲು · ಶುಕ್ರವಾರ ಸಂಜೆ 6.40

ಹೋಗಿ ಬಂದೆ. ಮೂವರೂ ಅಡ್ಮಿನ್ ಒಟ್ಟಿಗೆ ಹೋದ್ರೆ ಜಪ್ತಿಗೆ ಬಂದ ಹಾಗೆ ಕಾಣತ್ತೆ ಅಂತ ನಾನೊಬ್ಬನೇ ಹೋದೆ. ಆದ್ರೆ ತೀರ್ಮಾನ ಮೂವರದ್ದು, ಬರೆದಿಟ್ಟಿದೀವಿ.

ಭಾವ ಅಂಗಳದಲ್ಲಿ ಪಂಪಿನ ನಾಜಲ್ ಬಿಚ್ಚಿ ತೊಳೀತಿದ್ರು. ಕವಳದ ತಟ್ಟೆ ಮುಂದೆ ಸರಿಸಿದ್ರು. ಮೂರು ಸಂದೇಶ ತೋರಿಸಿದೆ, ಒಂಬತ್ತು ಜನ ಹೋದದ್ದು ಹೇಳಿದೆ, ಹೆಸರು ಹೇಳಲಿಲ್ಲ. ಮೊದಲು "ಸತ್ಯ ಹೇಳಿದ್ರೆ ಹೋಗ್ತಾರೆ ಅಂದ್ರೆ ಹೋಗಲಿ" ಅಂದ್ರು. ಕೊನೆಗೌಡರು ಅಂದ ಕೂಡಲೇ ನಾಜಲ್ ಕೆಳಗಿಟ್ಟರು. ಅವರ ತೋಟಕ್ಕೂ ಈ ಸಲ ಕೊಟ್ಟೆ ಕಟ್ಟೋಕೆ (ಮಳೆ ತಾಗದ ಹಾಗೆ ಗೊನೆ ಮುಚ್ಚೋಕೆ) ಜನ ಬಂದಿಲ್ಲವಂತೆ. ಅವರು ಸುಮ್ಮನೆ ಕವಳ ಜಗಿದರು. ನಾನೂ ಜಗಿದೆ. ಹದಿನೈದು ದಿನ ಅಂದೆ. "ಹದಿನೈದು ದಿನ ಅಂದ್ರೆ ಮಳೆ ಹಿಡಿದಿರತ್ತೆ, ಆಮೇಲೆ ನಾನು ಹೇಳಿ ಏನು ಪ್ರಯೋಜನ?" ಅಂದ್ರು. ಉತ್ತರ ಇರಲಿಲ್ಲ. ಬರುವಾಗ ಒಂದು ಗೊನೆ ಮಿಟ್ಲಿ ಬಾಳೆ ಕೊಟ್ಟು ಕಳಿಸಿದ್ರು. ಬೇಡ ಅಂದ್ರೆ ಇನ್ನೊಂದು ಜಗಳ.

ಗುಂಪಲ್ಲಿ ಎರಡು ಸಾಲು ಹಾಕಿದೆ. ಒಬ್ಬ ಸದಸ್ಯರನ್ನ ಸದಸ್ಯರೊಂದಿಗೆ ಮಾತಾಡೋ ರೀತಿಗಾಗಿ 15 ದಿನ ಹೊರಗಿಟ್ಟಿದೀವಿ, ಇಂಥ ತಾರೀಕಿಗೆ ವಾಪಸ್ ಬರ್ತಾರೆ. ಹನ್ನೆರಡು ಜನ ಪರ್ಸನಲ್ ಆಗಿ ಬೈದರು. ಇಬ್ಬರು "ಇನ್ನೂ ಮೊದಲೇ ಮಾಡಬೇಕಿತ್ತು" ಅಂದ್ರು. ಹೋದ ಕೊನೆಗೌಡರಿಗೆ ಲಿಂಕ್ ಕಳಿಸಿದೆ, ಒಬ್ಬ ಬಂದಿದಾನೆ.

ಕೊನೆಗೊಂಚಲು · ಮುಂದಿನ ಬುಧವಾರ ಬೆಳಗ್ಗೆ 8.10

ಬರೆಯದೇ ಇರೋಕಾಗ್ತಿಲ್ಲ. ನಿನ್ನೆ ಒಬ್ಬರು ಗುಂಪಲ್ಲಿ ಕೇಳಿದ್ರು: ದ್ರಾವಣ ಹೊಡೆದು ಎರಡೇ ಗಂಟೆಗೆ ಮಳೆ ಬಂತು, ಮತ್ತೆ ಹೊಡೀಬೇಕಾ? ಮೂರು ಗಂಟೆ ಯಾರೂ ಉತ್ತರಿಸಲಿಲ್ಲ. ಕೊನೆಗೆ ನಾನೇ ಭಾವನಿಗೆ ಫೋನ್ ಮಾಡಿದೆ. ಐದು ನಿಮಿಷ ವಿವರಿಸಿದ್ರು: ಗೊನೆ ಮೇಲೆ ನೀಲಿ ಒಣಗಿ ಹಿಡಿದಿತ್ತಾ ಅಂತ ಮೊದಲು ನೋಡಬೇಕು, ಅಂಟು ಹಾಕಿದ್ರಾ ಕೇಳು, ಹಾಗೆ. ಟೈಪ್ ಮಾಡಿ "ಭಾವ ಹೇಳಿದ್ದು" ಅಂತಲೇ ಹಾಕಿದೆ. ಕೊನೆಯ ಒಂದು ವಾಕ್ಯ ಬಿಟ್ಟೆ.

ಮಂಗಳೂರು ಮಳೆ · 8.14

ಆ ವಾಕ್ಯ ಎಂತ ಅಂತ ನಮಗಾದ್ರೂ ಹೇಳಿ ಮಾರಾಯ್ರೆ.

ಕೊನೆಗೊಂಚಲು · 8.16

ಆಗಲ್ಲ. ಇಲ್ಲಿಂದ ನನ್ನನ್ನೇ ತೆಗೀತಾರೆ.

ಅರಳಿಕಟ್ಟೆ ಕಾಯುವವ · 8.30

ವಾಪಸ್ ಸೇರಿಸೋ ದಿನಕ್ಕೆ ಅಲಾರಂ ಇಟ್ಟಿದೀರಿ ತಾನೇ? ಹದಿನಾರನೇ ದಿನವೂ ಅವರು ಹೊರಗಿದ್ರೆ ತಪ್ಪು ನಿಮ್ಮದಾಗತ್ತೆ.

ಕೊನೆಗೊಂಚಲು · 8.33

ಇಟ್ಟಿದೀನಿ, ಬೆಳಗ್ಗೆ ಆರಕ್ಕೆ. ಅಷ್ಟೊತ್ತಿಗೆ ಅವರು ತೋಟದಲ್ಲಿರ್ತಾರೆ, ಫೋನ್ ಮನೆಯಲ್ಲಿರತ್ತೆ. ಒಂಬತ್ತರವರೆಗೆ ನಮಗೆ ಪುರುಸೊತ್ತು.